ಕಾಳಿಜ್ ಎಂದೆ, ಕಾಳಜಿ ಎಂದು ಕೇಳಿಸಿತು

2025ರ ಮಾರ್ಚ್ 5, ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ, ಸಂಜೆ ಐದೂವರೆ. ಹೊನ್ನಾವರದ ನಮ್ಮ ಚರ್ಚಿನ ಪಕ್ಕದ ಕೋಣೆಯಲ್ಲಿ ವಯಸ್ಕರ ದೃಢೀಕರಣ ತರಗತಿ ಶುರುವಾಯಿತು. ಕುಮಟಾ, ಹೊನ್ನಾವರ, ಭಟ್ಕಳ ಎಂದು ಬಸ್ಸಿನಲ್ಲಿ ಓಡಾಡಿ ಧರ್ಮೋಪದೇಶ ಹೇಳುವುದು ನನ್ನ ಕೆಲಸ; ಅದು ನನಗೆ ಎರಡನೇ ವರ್ಷ. ಮಗುವಾಗಿದ್ದಾಗ ಪಡೆದ ದೀಕ್ಷಾಸ್ನಾನವನ್ನು ಬುದ್ಧಿ ಬಂದ ಮೇಲೆ ತಾನಾಗಿ ಒಪ್ಪಿಕೊಂಡು, ಬಿಷಪ್ಪರ ಕೈಯಿಂದ ಪವಿತ್ರ ತೈಲದ ಅಭಿಷೇಕ ಪಡೆಯುವ ಸಂಸ್ಕಾರವೇ ದೃಢೀಕರಣ. ಬಿಷಪ್ಪರು ಏಪ್ರಿಲ್ 27ಕ್ಕೆ ಬರುವವರಿದ್ದರು.

ತರಗತಿಗೆ ಬಂದವರು ಒಂಬತ್ತು ಮಂದಿ. ಎಂಟು ಜನರ ಮನೆಮಾತು ಕೊಂಕಣಿ. ಒಂಬತ್ತನೆಯವರು ಆಂತೋನಿ, ಮೀನು ಸಾಗಿಸುವ ಟೆಂಪೋ ಚಾಲಕ. ಹಾವೇರಿ ಕಡೆಯ ಕನ್ನಡ ಕ್ರೈಸ್ತರು. ಮಾವಳ್ಳಿಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ನೆಲೆಸಿದವರು. ಹಿಂದೆ ಎರಡು ಸಲ ಇದೇ ತರಗತಿಗೆ ಸೇರಿ ನಡುವೆಯೇ ಬಿಟ್ಟಿದ್ದರು. ಕಾರಣ ಅವರ ಮಾವ ಬಾಬ್ತಿಸ್. ಕೊಂಕಣಿ ಬಾರದ ಘಟ್ಟದ ಮೇಲಿನವನಿಗೆ ಮಗಳನ್ನು ಕೊಡಲು ಮಾವನಿಗೆ ಮನಸ್ಸಿರಲಿಲ್ಲ. ಮದುವೆಯಾದ ಮೇಲೂ ಅಳಿಯನನ್ನು ಹೊಸ್ತಿಲು ದಾಟಗೊಟ್ಟಿರಲಿಲ್ಲ. ಹೆಂಡತಿಯನ್ನು ತವರಿಗೆ ಬಿಡಲು ಹೋದರೆ ಆಂತೋನಿ ಟೆಂಪೋವನ್ನು ರಸ್ತೆಯಲ್ಲೇ ನಿಲ್ಲಿಸಿ ಒಳಗೇ ಕೂತಿರುತ್ತಿದ್ದರು. ಪಾಪನಿವೇದನೆಯ ಪಾಠ ಬಂದಾಗಲೆಲ್ಲ, ಇಷ್ಟು ದ್ವೇಷ ಇಟ್ಟುಕೊಂಡು ತೈಲ ಹಚ್ಚಿಸಿಕೊಳ್ಳುವುದು ಸುಳ್ಳಾಗುತ್ತದೆ ಎಂದು ಎದ್ದು ಹೋಗುತ್ತಿದ್ದರು. ಈ ಸಲ ಹೇಗಾದರೂ ಅವರನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕೆಂದು ನಾನು ಹಟ ತೊಟ್ಟಿದ್ದೆ.

ಮೊದಲ ದಿನ ಎಲ್ಲರಿಗೂ ಒಂದು ಅಭ್ಯಾಸ ಕೊಟ್ಟೆ. ನನ್ನ ಮಾತಿನಲ್ಲಿ ಎರಡು ಭಾಷೆ ಕಲೆಯುವುದು ಹೊಸದಲ್ಲ. ದಿನಾ ಒಂದು ಹೊತ್ತು ಕಾಳಿಜ್ ತಯಾರು ಮಾಡಿ, ಯಾರ ಮೇಲೆ ಮನಸ್ಸು ಕಹಿಯಾಗಿದೆಯೋ ಅಲ್ಲಿಂದಲೇ ಶುರು ಮಾಡಿ, ಎಂದೆ. ಕೊಂಕಣಿಯಲ್ಲಿ ಕಾಳಿಜ್ ಎಂದರೆ ಹೃದಯ. ದೇವರ ಮುಂದೆ ಸುಮ್ಮನೆ ಕೂತು ಆತ್ಮಪರೀಕ್ಷೆ ಮಾಡಿಕೊಳ್ಳಲಿ ಎಂಬುದು ನನ್ನ ಉದ್ದೇಶ.

ಮಾರ್ಚ್ 28ರ ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿದೆ. ಒಬ್ಬರಿಗೆ ಕೂತಕೂಡಲೆ ನಿದ್ದೆ ಬರುತ್ತಿತ್ತಂತೆ, ಇನ್ನೊಬ್ಬರಿಗೆ ಮೊಬೈಲಿನ ನೆನಪು. ಆಂತೋನಿಯ ಸರದಿ ಬಂತು.

"ನಂದು ಆತು ಟೀಚರೇ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ."

ನನಗೆ ಆದ ಖುಷಿ ಹೇಳತೀರದು. ಪ್ರತಿ ಸಲ ಎಷ್ಟು ಹೊತ್ತು ಕೂರುತ್ತೀರಿ ಎಂದು ಕೇಳಿದೆ.

"ಕೂರೋದು ಎಂತಕ್ಕೆ? ಎರಡು ಹನಿ ಬಿಡೋಕೆ ಎಷ್ಟು ಹೊತ್ತು ಬೇಕು?"

"ಯಾವ ಹನಿ?"

"ಕಣ್ಣಿನ ಮದ್ದು. ನೀವೇ ಹೇಳಿದ್ರಲ್ಲ, ಕಹಿ ಇದ್ದವರಿಂದ ಕಾಳಜಿ ಶುರು ಮಾಡಿ ಅಂತ."

ಕೋಣೆ ತುಂಬ ನಗೆ ಎದ್ದಿತು. ಆಗಿದ್ದು ಇಷ್ಟು: ಮಾವನಿಗೆ ಕುಮಟಾದಲ್ಲಿ ಕಣ್ಣಿನ ಪೊರೆ ತೆಗೆಸಿದ್ದರು. ಮಧ್ಯಾಹ್ನದ ಮದ್ದನ್ನು ಆರೈಕೆಗೆಂದು ತವರಿಗೆ ಬಂದಿದ್ದ ಮಗಳು ಹಾಕುತ್ತಿದ್ದಳು. ಬೆಳಿಗ್ಗೆ ಮತ್ತು ಸಂಜೆಯದನ್ನು ಆಂತೋನಿ ತಾವಾಗಿ ವಹಿಸಿಕೊಂಡಿದ್ದರು. ಭಟ್ಕಳಕ್ಕೆ ಮೀನು ಒಯ್ಯುವಾಗ ಒಮ್ಮೆ, ಬರುವಾಗ ಒಮ್ಮೆ ಮಾವಳ್ಳಿಯಲ್ಲಿ ಇಳಿದು, ಸೋಪಿನಲ್ಲಿ ಕೈ ತೊಳೆದು, ಜಗಲಿಯಲ್ಲೇ ಮದ್ದು ಹಾಕಿ ಹೊರಡುತ್ತಿದ್ದರು. ಕೈ ಮೀನು ನಾರುತ್ತದೆ ಎಂದು ಮಾವ ಬೈದರೆ ಮತ್ತೊಮ್ಮೆ ತೊಳೆಯುತ್ತಿದ್ದರು.

ನಾನು ಉತ್ಸಾಹದಲ್ಲಿ ಕಾಳಿಜ್ ಅಂದರೆ ಏನೆಂದು ಬಿಡಿಸಿ ಹೇಳಿಬಿಟ್ಟೆ. ಆಂತೋನಿಯ ಮುಖ ಸಪ್ಪಗಾಯಿತು. "ಹಂಗಾರೆ ಮೂರು ವಾರ ನಾ ಮಾಡಿದ್ದು ಪಾಠವೇ ಅಲ್ಲ. ಒಳಗೆ ಸಿಟ್ಟು ಇದ್ದಂಗೇ ಇದೆ ಟೀಚರೇ," ಎಂದು ಎದ್ದು ನಡೆದರು. ಮೂರನೇ ಸಲ.

ಮರುದಿನ ಕುಮಟಾದ ತರಗತಿ ಮುಗಿಸಿ ನೇರ ಮಾವಳ್ಳಿಗೆ ಹೋದೆ. ಬಸ್ಸಿನಲ್ಲಿ ಹಳದೀಪುರ ದಾಟುವವರೆಗೂ ನಿಂತೇ ಇದ್ದೆ, ಸೀಟು ಸಿಕ್ಕಿದ್ದರೂ ಕೂರಲಾಗುತ್ತಿರಲಿಲ್ಲ. ಬಾಬ್ತಿಸ್ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿದ್ದರು. ಬೆಳಿಗ್ಗೆ ಅಳಿಯ ಬಂದಿರಲಿಲ್ಲ. ಮಗಳು ಮದ್ದು ಹಿಡಿದು ಬಂದರೆ, ನಿನ್ನ ಕೈ ನಡುಗುತ್ತದೆ ಎಂದು ಮುಖ ತಿರುಗಿಸಿದ್ದರಂತೆ. ನಾನು ಯಾರೆಂದು ಹೇಳಿದ ಮೇಲೂ ಅವರ ಕಿವಿ ರಸ್ತೆಯ ಕಡೆಗೇ ಇತ್ತು.

ಸಂಜೆ ಟೆಂಪೋ ಬಂತು. ನಿಂತಿತು. ಬಾಗಿಲು ತೆರೆಯಲಿಲ್ಲ. ಆಂತೋನಿ ಒಳಗೇ ಕೂತಿದ್ದರು. ನಾನು ಕರೆಯಲು ಎದ್ದೆ. ಅಷ್ಟರಲ್ಲಿ ಮುದುಕರು ಗೋಡೆ ಹಿಡಿದು ಎದ್ದು ಕೂಗಿದರು, ಕೊಂಕಣಿಯಲ್ಲಲ್ಲ, ಅಳಿಯನಿಗೆ ತಿಳಿಯುವ ಕನ್ನಡದಲ್ಲಿ.

"ಎಂತ, ಇವತ್ತು ಮದ್ದು ಇಲ್ಲವಾ? ಅಲ್ಲಿ ಎಂತಕ್ಕೆ ಕೂತಿದ್ದೆ? ಒಳಗೆ ಬಾ ಮಾರಾಯ, ಕಣ್ಣು ಉರೀತದೆ."

ಆಂತೋನಿ ಬಂದರು. ಕೈ ತೊಳೆದರು. ಮುದುಕರು ಜಗಲಿಯಲ್ಲಿ ಕೂರದೆ ಒಳಕ್ಕೆ ನಡೆದು ಮಂಚದ ಮೇಲೆ ತಲೆ ಹಿಂದಕ್ಕೆ ಹಾಕಿದರು. ಹೊಸ್ತಿಲಲ್ಲಿ ಅಳಿಯ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ. ಆಮೇಲೆ ದಾಟಿದರು.

ಏಪ್ರಿಲ್ 12, ಗರಿಗಳ ಭಾನುವಾರದ ಮುನ್ನಾದಿನ, ಫಾದರ್ ಒಬ್ಬೊಬ್ಬರನ್ನೂ ಕರೆದು ನನ್ನ ಎದುರಿಗೇ ಮಾತಾಡಿಸಿದರು. ಇಲ್ಲಿ ಒಪ್ಪಿಗೆ ಸಿಕ್ಕದಿದ್ದರೆ ಬಿಷಪ್ಪರ ಮುಂದೆ ನಿಲ್ಲುವಂತಿಲ್ಲ. ಹೃದಯ ಸಿದ್ಧವಾಗಿದೆಯೇ ಎಂದು ಅವರು ತರಗತಿಗೆ ಮರಳಿದ್ದ ಆಂತೋನಿಯನ್ನು ಕೇಳಿದರು.

"ಗೊತ್ತಿಲ್ಲ ಫಾದರ್. ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಅವರ ಕಣ್ಣು ಕೆಂಪಾದರೆ ನಂಗೆ ಊಟ ಸೇರೂದಿಲ್ಲ."

ಫಾದರ್ ಪಟ್ಟಿಯಲ್ಲಿ ಅವರ ಹೆಸರಿಗೆ ಗುರುತು ಹಾಕಿದರು. ಆಮೇಲೆ, "ಇಪ್ಪತ್ತೇಳಕ್ಕೆ ಬಿಳಿ ಅಂಗಿ ಹಾಕ್ಕೊಂಡು ಬಾ," ಎಂದರು.

ಆ ದಿನ ಒಂಬತ್ತು ಮಂದಿಯೂ ತೈಲ ಪಡೆದರು. ಮನಸ್ಸು ಶುದ್ಧವಾದ ಮೇಲೆ ಪ್ರೀತಿ ಬರುತ್ತದೆ ಎಂದು ನಾನು ಕಲಿಸುತ್ತಿದ್ದೆ. ಪ್ರೀತಿ ಇನ್ನೂ ಬಾರದಿರುವಾಗಲೇ ಕೈ ತೊಳೆದು ಹೊರಟವನಿಗೂ ದೇವರು ದಾರಿಯಲ್ಲಿ ಸಿಗುತ್ತಾನೆಂದು ಈ ಕೆಲಸ ನನಗೆ ಕಲಿಸಿತು. ಈಗ ಮೊದಲ ದಿನವೇ ಎರಡು ಬಗೆಯ ಅಭ್ಯಾಸ ಕೊಡುತ್ತೇನೆ: ಒಂದು ಕೂತು ಮಾಡುವುದು, ಒಂದು ಎದ್ದು ಮಾಡುವುದು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಹಿಂದಿನ ಧರ್ಮೋಪದೇಶಕರು ತಪಸ್ಸು ಕಾಲದಲ್ಲಿ ಕನ್ನಡದವರಿಗೆ ಯಾವ ಮಾತುಗಳಲ್ಲಿ, ಯಾವ ಅಭ್ಯಾಸಗಳಿಂದ ಪಾಠ ಹೇಳುತ್ತಿದ್ದರು ಎಂಬುದು ನನಗೆ ಎಲ್ಲೂ ಸಿಕ್ಕಿಲ್ಲ. ಅಜ್ಜಿ, ಅಜ್ಜಂದಿರಿಂದ ಕೇಳಿದವರು, ಸ್ವತಃ ಕಲಿತವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ.