ಕೇಳದೆ ಅಂದ ‘ಹೂಂ’

ಹೋದ ತಿಂಗಳು ಹುಮನಾಬಾದಿನಿಂದ ಒಂದು ಕುಟುಂಬ ಬಸವಕಲ್ಯಾಣದ ನಮ್ಮ ಮನೆಗೆ ಬಂತು. ಚಹಾ ಆದ ಮೇಲೆ ಅವರಲ್ಲಿ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡರು.

“ನೀವು ಹೂಂ ಅಂದ್ರಿ ಅಂತ ಬಂದೇವ್ರಿ ಸರ್. ಜಾತಿ ಬ್ಯಾರೆ ಅಂತ ನಾವು ಅಂಜಿದ್ವಿ. ಇಷ್ಟು ದೊಡ್ಡ ಮನಸ್ಸು ಎಲ್ಲಾರಿಗೂ ಇರಂಗಿಲ್ಲ.”

ನಾನು ಯಾವುದಕ್ಕೋ ಹೂಂ ಅಂದಿದ್ದೇನೆ ಎಂದು ನನಗೆ ಗೊತ್ತಾದದ್ದೇ ಆಗ!

ಅವರು ಮಗಳು ಶಿಲ್ಪಾಳ ಶಾಲೆಯ ಕಡೆಯವರು ಎಂದುಕೊಂಡಿದ್ದೆ. (ಬೀಗರಾಗುವವರು ಬರುತ್ತಾರೆಂದು ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳಂತೆ. ಅದಕ್ಕೂ ಹೂಂ ಅಂದಿದ್ದೆನಂತೆ.)

ನನ್ನ ಕಿವಿ ಒಂದೇ ದಿನಕ್ಕೆ ಕೈ ಕೊಟ್ಟಿದ್ದಲ್ಲ. ಮೊದಲು ಟಿವಿಯ ವಾಲ್ಯೂಮ್ ಏರಿತು. ಆಮೇಲೆ ಪಕ್ಕದ ಮನೆಯವರು ತಮ್ಮ ಟಿವಿ ಹಚ್ಚುವುದನ್ನೇ ಬಿಟ್ಟರು, ನಮ್ಮದೇ ಸಾಕಾಗುತ್ತಿತ್ತು. ಫೋನಿನಲ್ಲಿ ಎಲ್ಲರೂ ಬಾಯೊಳಗೇ ಮಾತಾಡತೊಡಗಿದರು. ಈಗಿನವರಿಗೆ ಬಾಯಿ ತೆರೆದು ಮಾತಾಡಲು ಬರುವುದಿಲ್ಲ ಎಂದು ನಾನು ಎಲ್ಲರನ್ನೂ ಬೈದೆ. ನನ್ನ ಕಿವಿಯನ್ನು ಮಾತ್ರ ಬೈಯಲಿಲ್ಲ. ಕಣ್ಣಿಗೆ ಕನ್ನಡಕ ಬಂದರೆ ಮರ್ಯಾದೆ, ಕಿವಿಗೆ ಮಷೀನ್ ಬಂದರೆ ಮುದುಕ. ಅಲ್ಲವೇ?

ಎಷ್ಟು ಸಲ ಅಂತ ‘ಏನು, ಏನು’ ಅನ್ನುವುದು? ನಗುವುದು, ಗೋಣು ಹಾಕುವುದು ಸುಲಭ. ಗೋಣು ಹಾಕುವವನನ್ನು ಜನ ಸಜ್ಜನ ಅನ್ನುತ್ತಾರೆ.

ಶಿಲ್ಪಾ ಹುಮನಾಬಾದಿನ ಶಾಲೆಯೊಂದರಲ್ಲಿ ಟೀಚರ್. ದಿನಾ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುವವನು ನಾನೇ. ಎದುರು ನಿಂತು ಹೇಳಲು ಧೈರ್ಯವಾಗದ ಮಾತನ್ನು ಅವಳು ಒಂದು ಬೆಳಿಗ್ಗೆ ನನ್ನ ಬೆನ್ನಿಗೆ ಹೇಳಿದ್ದಾಳೆ. ದುಬಲಗುಂಡಿಯ ದನದ ದವಾಖಾನೆಯ ಡಾಕ್ಟರ್ ಒಬ್ಬನನ್ನು ಮೆಚ್ಚಿದ್ದೇನೆ ಎಂದು. ತಲೆಯ ಮೇಲೆ ಹೆಲ್ಮೆಟ್, ಮುಂದೆ ಲಾರಿ. ಶಾಲೆಯ ಸುದ್ದಿ ಇರಬೇಕೆಂದು “ಹೂಂ, ಛಲೋ ಆತು” ಅಂದಿದ್ದೆ. ಇಳಿಯುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಧೂಳು ಅಂದುಕೊಂಡೆ.

ಬಂದವರು ಹೋದರು. ಶಿಲ್ಪಾ ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

“ಅಪ್ಪಾ, ಆವತ್ತು ನಿಮಗ ಕೇಳಿಸಿದ್ದಿಲ್ಲ, ಹೌದಿಲ್ಲೋ? ಕೇಳಿಸದೆ ಗೋಣು ಹಾಕೋ ಹುಡುಗರನ್ನ ಕ್ಲಾಸಿನಾಗ ದಿನಾ ನೋಡ್ತೀನಿ.”

ಅವಳು ಎಲ್ಲವನ್ನೂ ಮತ್ತೆ ಹೇಳಿದಳು. ಜೋರಾಗಿ, ಮುಖ ನೋಡಿ. ಹುಡುಗನ ಹೆಸರು, ಅವನ ಜಾತಿ, ಎಲ್ಲ. ಪಕ್ಕದ ಮನೆಗೂ ಕೇಳಿಸಿರಬೇಕು.

“ಈಗ ಹೇಳ್ರಿ. ತಪ್ಪಿ ಬಂದ ಹೂಂ ನನಗ ಬ್ಯಾಡ.”

ಸಮಾನತೆಯ ಬಗ್ಗೆ ಈ ಊರಲ್ಲಿ ಮೈಕ್ ಸಿಕ್ಕಲ್ಲೆಲ್ಲ ಮಾತಾಡಿದವನು ನಾನು. ಆದರೂ ಅವಳಿಗೆ “ಮೊದಲು ಕಿವಿ ತೋರಿಸ್ಕೊಂಡು ಬರ್ತೀನಿ ತಡಿಯವ್ವಾ” ಅಂದುಬಿಟ್ಟೆ. ವರ್ಷಗಟ್ಟಲೆ ಬೇಡವಾಗಿದ್ದ ಡಾಕ್ಟರು ಆಗ ದೇವರಂತೆ ನೆನಪಾದರು!

ಮರುದಿನ ಹೆಂಡತಿ ಹುಮನಾಬಾದಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೆಡ್‌ಫೋನ್ ಹಾಕಿ, ಸಪ್ಪಳ ಕೇಳಿದರೆ ಬಟನ್ ಒತ್ತಿ ಎಂದರು. ಬಹಳ ಹೊತ್ತು ಕಾದೆ.

“ಇನ್ನೂ ಶುರು ಮಾಡಿಲ್ಲೇನ್ರಿ?”

“ಮುಗೀತ್ರಿ ಸರ್.”

ಮಷೀನ್ ಬಂತು. ಮನೆಯ ಫ್ಯಾನು ಇಷ್ಟು ಸದ್ದು ಮಾಡುತ್ತದೆಂದು ಗೊತ್ತಿರಲಿಲ್ಲ. ಹೆಂಡತಿಯ ಬಳೆ, ಚಮಚ, ಅಂಗಳದ ಗುಬ್ಬಿ, ಎಲ್ಲ ಕೇಳಿಸಿದವು. ಮಗಳ ದನಿಯೊಂದು ಬಿಟ್ಟು. ಅವಳು ನನ್ನೊಡನೆ ಮಾತು ನಿಲ್ಲಿಸಿದ್ದಳು. ಸ್ಕೂಟರ್ ಬಿಟ್ಟು ಆಟೋ ಹಿಡಿಯುತ್ತಿದ್ದಳು. ಇಷ್ಟು ದಿನ ಕೇಳಿಸದಿದ್ದಾಗ ಆಗದ ಸಂಕಟ, ಕಿವಿ ಸರಿಯಾದ ಮೇಲೆ ಆಯಿತು.

ಒಂದು ಬೆಳಿಗ್ಗೆ ಅವಳು ಚಪ್ಪಲಿ ಹಾಕಿಕೊಳ್ಳುವಾಗ ಹೇಳಿದೆ. “ಶಿಲ್ಪಾ, ಆ ಡಾಕ್ಟರ್ ಮನಿಯವರಿಗೆ ಮತ್ತ ಬರಾಕ ಹೇಳವ್ವಾ. ನಾನು ಒಪ್ಪೇನಿ.”

“ಏನಂದ್ರಿ?”

ಕೇಳಿಸಿತ್ತು ಅವಳಿಗೆ. ಆದರೂ ನಾನು ಮತ್ತೊಮ್ಮೆ ಹೇಳಬೇಕಾಯಿತು, ಗಟ್ಟಿಯಾಗಿ.

ಕೇಳದೆ ಹೂಂ ಅನ್ನಲು ಅರೆಕ್ಷಣ ಸಾಕಾಗಿದ್ದವನಿಗೆ, ಕೇಳಿಸಿಕೊಂಡ ಮೇಲೆ ಅದೇ ಮಾತಿಗೆ ಒಂದು ವಾರ ಯಾಕೆ ಬೇಕಾಯಿತು?