ಯಾರದೂ ಅಲ್ಲದ ನೇಗಿಲು

ಔರಾದ ಶಹಾಜನಿ ಎಂಬ ಊರಿಗೆ ಬಂದ ಎಂಟನೆಯ ದಿನ ನಾನು ಕಂಡ ಮೊದಲ ಸಾರ್ವಜನಿಕ ಸಭೆ ಒಂದು ಹೆಣದ ಮುಂದೆ ನಡೆಯಿತು. ನಿಜಾಮರ ಈ ಸೀಮೆಯಲ್ಲಿ ಸಭೆ ಸೇರಲು ಪರವಾನಗಿ ಬೇಕು. ಸಾವಿಗೆ ಸೇರಲು ಬೇಡ. ಭಜನೆಯ ನಡುವೆ ಗಂಡಸರು ತಗ್ಗಿದ ದನಿಯಲ್ಲಿ ಊರ ಬಾವಿಯ ಮಾತಾಡುತ್ತಿದ್ದರು. ಊರಿನ ಜಮೀನುದಾರ ದೇಶಮುಖರು ಅದರ ಸುತ್ತ ಗೋಡೆ ಕಟ್ಟಿ ಬೀಗ ಹಾಕಿಸಿದ್ದರು. ನೀರು ಈಗ ಅವರ ತೋಟಕ್ಕೆ ಮಾತ್ರ.

ಧಾರವಾಡದ ಪತ್ರಿಕೆಯೊಂದಕ್ಕೆ ವರದಿ ಬರೆಯುತ್ತಿದ್ದ ನಾನು ಮಾವನ ಅಡತಿ ಅಂಗಡಿಯ ಪತ್ರವ್ಯವಹಾರ ನೋಡಿಕೊಳ್ಳಲು ಇಲ್ಲಿಗೆ ಬಂದವನು. ಕೋಣೆ ಬಾಡಿಗೆಗೆ ಕೊಟ್ಟವರು ಕಾಶವ್ವ. ಗಂಡ ತೀರಿಕೊಂಡ ಮೇಲೆ ಹೊಲವನ್ನು ತಾವೇ ಮಾಡಿಸುವವರು. ಇಲ್ಲಿ ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮುಗಿಯುತ್ತದೆ. ಕಚೇರಿಯ ಮೆಟ್ಟಿಲು ಹತ್ತಿದರೆ ಉರ್ದು. ರೊಟ್ಟಿ ನಮ್ಮದಕ್ಕಿಂತ ದಪ್ಪ. ಇದಕ್ಕೆಲ್ಲ ಒಗ್ಗಿಕೊಂಡೆ. ಅರವತ್ತರ ಕಾಶವ್ವ ತೇರಣಾ ಹೊಳೆಯಿಂದ ಕೊಡ ಹೊತ್ತು ತರುವುದಕ್ಕೆ, ಆ ನೀರನ್ನು ನಾನು ಕುಡಿಯುವುದಕ್ಕೆ ಒಗ್ಗಲಿಲ್ಲ.

ಬೀಗ ತೆಗೆಸಿರೆಂದು ತಹಸೀಲ್ ಕಚೇರಿಗೆ ಅರ್ಜಿ ಕೊಡೋಣವೆಂದೆ. ಓಣಿಯವರೆಲ್ಲರೂ ಒಪ್ಪಿದರು. ಉರ್ದು ಬಲ್ಲವರಿಂದ ಬರೆಸಿ ತಂದೆ. ಅಕ್ಷರ ಬಾರದವರು ಇಲ್ಲಿ ಹೆಸರಿನ ಪಕ್ಕ ಗುರುತು ಬರೆಯುತ್ತಾರೆ: ಒಕ್ಕಲಿಗ ನೇಗಿಲು, ವ್ಯಾಪಾರಿ ತಕ್ಕಡಿ, ಹೆಂಗಸು ಬಳೆ. ಇದು ನಿಶಾನಿ. ಕಾಶವ್ವನ ಮೈದುನ, ಓಣಿಯ ಹಿರಿಯ ರುದ್ರಪ್ಪನವರು ಕೆಳಗೆ ಒಂದೇ ಒಂದು ನೇಗಿಲು ಬರೆದು, ಪಕ್ಕದಲ್ಲಿ ‘ಊರವರು’ ಎಂದು ಬರೆಸಿದರು. ಹೆಸರುಗಳೆಲ್ಲಿ ಎಂದು ಕೇಳಿದೆ.

“ಒಬ್ಬನ ಹೆಸರು ಹಾಕಿದ್ರ ಅಂವನ ಕುತ್ಗಿ ಸಿಗತದ್ರೀ. ಊರಿನ ಕುತ್ಗಿ ಯಾರ ಕೈಗಿ ಸಿಗತದ?”

ನಿಲಂಗದ ತಹಸೀಲ್ ಕಚೇರಿಯಲ್ಲಿ ಗುಮಾಸ್ತ, ಈ ನೇಗಿಲು ಯಾರದು ಎಂದು ಕೇಳಿದ. ಜೊತೆಗೆ ಬಂದಿದ್ದ ಹನ್ನೊಂದು ಮಂದಿಯಲ್ಲಿ ಒಬ್ಬರೂ ತಮ್ಮದೆನ್ನಲಿಲ್ಲ. ಬರೆದ ರುದ್ರಪ್ಪನವರು ರುಮಾಲು ಸರಿಪಡಿಸಿಕೊಂಡರು. ಒಡೆಯ ಸಿಕ್ಕಾಗ ಬನ್ನಿ ಎಂದು ಗುಮಾಸ್ತ ನಗುತ್ತಲೇ ಕಾಗದ ವಾಪಸು ಕೊಟ್ಟ.

ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದೆ. ಪ್ರಜೆಗಳ ರಾಜ್ಯ ಬರಬೇಕೆಂಬ ಭಾಷಣಗಳನ್ನು ಧಾರವಾಡದಲ್ಲಿ ಎಷ್ಟೋ ಕೇಳಿದ್ದೇನೆ. ಸ್ವಂತ ಬಾವಿಗಾಗಿ ಹೆಸರು ಹೇಳದವರು ಯಾವ ರಾಜ್ಯ ನಡೆಸಿಯಾರು? ನಮ್ಮ ಕಡೆ ಪುರಸಭೆಗೆ ಮತ ಹಾಕುತ್ತೇವೆಂದು ಬೀಗುತ್ತೇವೆ. ಅದೂ ಕಂದಾಯ ಕಟ್ಟುವ ಕೆಲವರಷ್ಟೇ. ಆಮೇಲೆ ಚರಂಡಿ ನಾರಿದರೆ ಮೂಗು ಮುಚ್ಚಿಕೊಂಡು ನಡೆಯುತ್ತೇವೆ. ಜನ ಸುಮ್ಮನಿದ್ದಾರೆಂದು ನಾನೇ ವರದಿ ಬರೆದಿದ್ದೇನೆ. ಆ ಜನರಲ್ಲಿ ನನ್ನನ್ನು ಎಣಿಸಿರಲಿಲ್ಲ.

ಮರುದಿನ ಹೊಸ ಅರ್ಜಿ ಬರೆಸಿದೆ. ಕಾಶವ್ವ ತಮ್ಮ ಹೆಸರು ಮೊದಲು ಬರೆಸಿ, ಪಕ್ಕದಲ್ಲಿ ಬಳೆ ಬರೆದರು. ಗಂಡ ಸತ್ತವಳಿಗೆ ಬಳೆಯ ಗುರುತೇ, ಜನ ನಗುತ್ತಾರೆ ಎಂದು ರುದ್ರಪ್ಪನವರು ಗೊಣಗಿದರು.

“ಕೈಯಾಗಂತೂ ಇಲ್ಲ, ಕಾಗದದ ಮ್ಯಾಲರ ಇರ್ಲಿ ಬಿಡೋ ರುದ್ರಪ್ಪ. ನಗೋರ ಮನಿಗಿ ನೀರ ಬ್ಯಾಡೇನು?”

ರುದ್ರಪ್ಪನವರು ಬಾಗಿಲ ತನಕ ಹೋಗಿ ತಿರುಗಿ ಬಂದರು. ಕಡೆಗೆ ಕೂತು ನೇಗಿಲು ಬರೆದರು, ಈ ಸಲ ತಮ್ಮ ಹೆಸರಿನ ಪಕ್ಕ. ಸಂಜೆಯೊಳಗೆ ಹನ್ನೊಂದರಲ್ಲಿ ಏಳು ಮಂದಿ ಬಂದು ಹೆಸರು ಕೊಟ್ಟರು. ಉಳಿದವರು ಇಂದಿಗೂ ಬಂದಿಲ್ಲ.

ಆಮೇಲೆ ಕಾಶವ್ವ ಕಾಗದವನ್ನು ನನ್ನ ಕಡೆ ತಿರುಗಿಸಿದರು. “ನಿಮ್ದು ಎಲ್ಲದರೀ?”

ನಾನು ಬ್ರಿಟಿಷರ ಸೀಮೆಯವನು, ಹೊರಗಿನವನ ಹೆಸರಿದ್ದರೆ ಅರ್ಜಿ ಕೆಡುತ್ತದೆ ಎಂದೆ.

“ನೀರ ಕುಡಿಲಾಕ ಹೊರಗಿನವ್ರಲ್ಲ,” ಎಂದರು.

ಹೆಸರು ಬರೆದೆ. ಮುಂದೆ ‘ಸಾಕಿನ್’, ಎಂದರೆ ವಾಸದ ಊರು. ಧಾರವಾಡ ಎಂದರೆ ಪರಸ್ಥಳದವನ ಚಿತಾವಣೆಯೆಂದು ಕಾಗದ ಮೂಲೆ ಸೇರುತ್ತದೆ. ಔರಾದ ಎಂದರೆ ಪೊಲೀಸ್ ಸಿಪಾಯಿ ವಿಚಾರಣೆಗೆಂದು ಮಾವನ ಅಂಗಡಿಗೆ ಬರುತ್ತಾನೆ. ಔರಾದ ಎಂದೇ ಬರೆದೆ. ಈ ಸಲ ಗುಮಾಸ್ತ ಅರ್ಜಿ ತೆಗೆದುಕೊಂಡ. ಸಿಪಾಯಿ ಎರಡು ಸಲ ಬಂದುಹೋದ. ಬಾವಿಯ ಬೀಗ ಇನ್ನೂ ಹಾಗೇ ಇದೆ.

ಈ ಬರಹಕ್ಕೆ ಹೆಸರು ಹಾಕಬೇಡಿ ಎಂದು ಸಂಪಾದಕರಿಗೆ ಮೊದಲು ಬರೆದಿದ್ದೆ. ಆ ಸಾಲು ಹೊಡೆದುಹಾಕಿದ್ದೇನೆ. ಹೆಸರು ಹಾಕಲಿ. ಅದರ ಕೆಳಗೆ ಯಾವ ಊರು ಹಾಕಬೇಕೆಂಬುದು ಮಾತ್ರ ನನಗೇ ತಿಳಿಯದು.