ಹೊಳೆ ಕಡೆಯ ಬಾಗಿಲು

ನರಸೀಪುರದ ಮುಸಾಫರಿ ಬಂಗಲೆ ರಸ್ತೆಗೆ ಬೆನ್ನು ಹಾಕಿ ನಿಂತಿದೆ. ನಂಜನಗೂಡಿನಿಂದ ನನ್ನನ್ನು ಕರೆತಂದ ಗಾಡಿಯವನು ಈ ಬೆಳಿಗ್ಗೆ ಅದರ ಬಾಗಿಲು ಹುಡುಕಿ ಒಂದು ಸುತ್ತು ಹಾಕಿದ. “ಯಾವ ಪುಣ್ಯಾತ್ಮ ಕಟ್ಟಿದ್ನೋ ಸಾಮಿ ಇದ್ನ!” ಎಂದು ಗೊಣಗಿದ.

ಕಟ್ಟಿದವರು ಇರಾನ್ ದೇಶದ ಆಗಾ ಸಾಹೇಬರು. ಹರೆಯದಲ್ಲಿ ನಾನು ಅವರ ನಕ್ಷೆಗಳನ್ನು ನಕಲು ಮಾಡುತ್ತಿದ್ದೆ. ಹಗಲು ಗೋಡೆ ಎಬ್ಬಿಸುವರು, ಬಿಡುವಾದರೆ ಎತ್ತುಗಳ ಚಿತ್ರ ಬರೆಯುವರು, ಸಂಜೆ ಹೊಳೆ ದಂಡೆಯಲ್ಲಿ ಕೂತು ತಮ್ಮೂರಿನ ತಂತಿವಾದ್ಯ ನುಡಿಸುವರು. ಅದನ್ನು ಕೇಳುತ್ತ ಅಂಬಿಗ ಹುಟ್ಟು ಹಾಕುವುದನ್ನೇ ಮರೆಯುತ್ತಿದ್ದ.

ಒಂದು ಸಂಜೆ ಸಾಹೇಬರು ಗೋಡೆ ಬರುವಲ್ಲೆಲ್ಲ ನೆಲದ ಮೇಲೆ ಸುಣ್ಣದ ಗೆರೆ ಹಾಕಿ, ರಸ್ತೆ ಕಡೆ ಬಾಗಿಲಿಗೆಂದು ಜಾಗ ಬಿಟ್ಟಿದ್ದರು. ಮರುದಿನ ಕಸ ಗುಡಿಸಲು ಬಂದ ಪುಟ್ಟಮ್ಮ ಅದನ್ನು ಅರ್ಧಕ್ಕೆ ನಿಂತ ರಂಗೋಲಿ ಅಂದುಕೊಂಡು ಗೆರೆ ಕೂಡಿಸಿಬಿಟ್ಟಳು. ಮೇಸ್ತ್ರಿ ಕೂಗಾಡಿದ. ಸಾಹೇಬರು ನಕ್ಕು, “ತಂಗಿ ಗೆರೆ ಎಳೆದಾಯ್ತು. ಬಾಗಿಲು ಹೊಳೆ ಕಡೆ ಇರಲಿ” ಎಂದರು.

ಆ ಬಾಗಿಲಲ್ಲೇ ಇವತ್ತು ಪುಟ್ಟಮ್ಮ ರಂಗೋಲಿ ಬಿಡುತ್ತಿದ್ದಳು. ತಲೆ ಪೂರ್ತಿ ನರೆತಿದೆ. ನನ್ನ ಗುರುತು ಹಿಡಿದವಳೇ, “ನಮ್ ಸಾಯೇಬ್ರು ಎಂಗವ್ರೆ?” ಎಂದಳು.

ನಾನು ಬಂದದ್ದೇ ಅದನ್ನು ಹೇಳಲು. ಬೊಂಬಾಯಿಯಲ್ಲಿ ತೀರಿಕೊಂಡರು ಎಂದೆ.

ಪುಟ್ಟಮ್ಮ ಎದ್ದು ಒಳಗೆ ಹೋದಳು. ತಂಬಿಗೆಯಲ್ಲಿ ನೀರು ತಂದು, ಇನ್ನೂ ಮುಗಿಯದ ರಂಗೋಲಿಯ ಮೇಲೆ ಸುರಿದು ತೊಳೆದಳು.

“ಇದು ಅಣ್ಣ ಸತ್ತ ಮನೆ ಕಣಪ್ಪ. ಅನ್ನೊಂದು ದಿವ್ಸ ರಂಗೋಲಿ ಇಕ್ಕಂಗಿಲ್ಲ.”